ಓಪೇರ್ ಇನ್ನೊಂದು ವರ್ಷ ಇರಲಿ ಅಂತಿದ್ದೇವೆ, ನಾವು ಟ್ಯಾಕ್ಸ್ ಕಟ್ಟಬೇಕಾ?

ಡಲ್ಲಾಸ್ ಹತ್ತಿರದ ಮನೆ, ಗ್ರೀನ್ ಕಾರ್ಡ್, ಇಬ್ಬರು ಚಿಕ್ಕ ಮಕ್ಕಳು, ಅವರನ್ನು ನೋಡಿಕೊಳ್ಳಲು 2025ರ ಆಗಸ್ಟ್ ಮೊದಲ ವಾರ ಕೊಲಂಬಿಯಾದಿಂದ ಬಂದು ಮನೆಯಲ್ಲೇ ಇರುವ ಹುಡುಗಿ, ಅಂದರೆ ಓಪೇರ್. ಅವಳನ್ನು ಕಳಿಸಿದ ಏಜೆನ್ಸಿ ಟ್ಯಾಕ್ಸೇ ಇಲ್ಲ ಅನ್ನುತ್ತೆ, ನಿಮ್ಮ ಲೆಕ್ಕಪರಿಶೋಧಕರು (ಸಿಪಿಎ) ನ್ಯಾನಿ ಟ್ಯಾಕ್ಸ್, ಅಂದರೆ ಮನೆಗೆಲಸದವರ ಸಂಬಳದ ತೆರಿಗೆ ಕಟ್ಟಿ ಅಂತಾರೆ, ಯಾರ ಮಾತು ಕೇಳಲಿ ಅಂತ ನಿಮ್ಮ ಪ್ರಶ್ನೆ. ಓಪೇರ್ ಇಟ್ಟುಕೊಂಡ ನಮಗೆಲ್ಲ ಈ ಜಗ್ಗಾಟ ಗೊತ್ತಿರುವುದೇ. ಆದರೆ ಯಾರು ಸರಿ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಮೊದಲ ಎರಡು ವರ್ಷ ಏಜೆನ್ಸಿ ಸರಿ, ಮೂರನೆಯದಕ್ಕೆ ಸಿಪಿಎ ಸರಿಯಾಗಬಹುದು. ಎರಡು ವರ್ಷ ಅಂದರೆ ಇಪ್ಪತ್ನಾಲ್ಕು ತಿಂಗಳು ಅಂದುಕೊಳ್ಳಬೇಡಿ. ದುಡ್ಡು ಹೋಗುವುದು ಅಲ್ಲೇ, ಅದನ್ನೇ ಬಿಡಿಸಿ ಹೇಳುತ್ತೇನೆ.

ಜೆ-1 (ವಿನಿಮಯ ಕಾರ್ಯಕ್ರಮದ) ವೀಸಾದ ಓಪೇರ್ ತೆರಿಗೆಯ ಕಣ್ಣಿಗೆ ಅನಿವಾಸಿ, ಅಂದರೆ ನಾನ್‌ರೆಸಿಡೆಂಟ್ ಆಗಿರುವವರೆಗೆ ಅವಳ ಸ್ಟೈಪೆಂಡ್ (ನೀವು ಕೊಡುವ ವಾರದ ಹಣ) ಮೇಲೆ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ವೃದ್ಧರ ಆರೋಗ್ಯ ವಿಮೆ) ತೆರಿಗೆ ಇಲ್ಲ, ಫೆಡರಲ್ ನಿರುದ್ಯೋಗ ತೆರಿಗೆಯೂ ಇಲ್ಲ. ನಾನ್‌ರೆಸಿಡೆಂಟ್ ಎಷ್ಟು ದಿನ? ವಿದ್ಯಾರ್ಥಿ ಅಲ್ಲದ ಜೆ-1ನವರಿಗೆ ಅಮೆರಿಕದಲ್ಲಿದ್ದ ದಿನ ಎಣಿಸಿ ರೆಸಿಡೆಂಟ್ (ತೆರಿಗೆಗೆ ನಿವಾಸಿ) ಹೌದೋ ಅಲ್ಲವೋ ನಿರ್ಧರಿಸುವ ಪರೀಕ್ಷೆಯಿಂದ ವಿನಾಯಿತಿ ಸಿಗುವುದು ಎರಡು ಕ್ಯಾಲೆಂಡರ್ ವರ್ಷಕ್ಕೆ. ಆ ವರ್ಷದಲ್ಲಿ ಒಂದೇ ದಿನ ಇದ್ದರೂ ವರ್ಷ ಮುಗಿದ ಲೆಕ್ಕ. ನಿಮ್ಮ ಹುಡುಗಿಗೆ 2025 ಒಂದು, 2026 ಎರಡು. 2027ರ ಜನವರಿ 1ರಿಂದ ಅವಳು ಇಲ್ಲಿರುವ ಒಂದೊಂದು ದಿನವೂ ಎಣಿಕೆಗೆ ಬರುತ್ತೆ, 183 ಮುಟ್ಟಿದರೆ ರೆಸಿಡೆಂಟ್. ಎಡೆಬಿಡದೆ ಇಲ್ಲೇ ಇದ್ದರೆ ಅದು ಜುಲೈ 2. ಆದರೆ ರೆಸಿಡೆನ್ಸಿ ಶುರುವಾಗುವುದು ಜುಲೈನಿಂದಲ್ಲ, ಜನವರಿ 1ರಿಂದಲೇ. ಅಂದರೆ ಆರು ತಿಂಗಳು ತೆರಿಗೆ ಮುರಿಯದೆ ಕೊಟ್ಟ ಸ್ಟೈಪೆಂಡ್ ಹಿಂದಿನಿಂದಲೇ ತೆರಿಗೆಗೆ ಒಳಪಟ್ಟಂತೆ.

ವಾರಕ್ಕೆ ಕನಿಷ್ಠ 195.75 ಡಾಲರ್ ಅಂತ ಇಟ್ಟರೂ 2027ರ ಜನವರಿಯಿಂದ ಆಗಸ್ಟ್ ಮೊದಲ ವಾರದವರೆಗಿನ 31 ವಾರಕ್ಕೆ 6,068 ಡಾಲರ್. ಮನೆಗೆಲಸದವರ ಸಂಬಳ ಇಷ್ಟು ದಾಟಿದರೆ ಮಾತ್ರ ತೆರಿಗೆ ಅನ್ನುವ ಮಿತಿ 2025ರಲ್ಲಿ 2,800 ಇತ್ತು. ಆಗಾಗ ಸ್ವಲ್ಪ ಏರುತ್ತೆ, ಆದರೂ ನೀವು ಆರಾಮಾಗಿ ದಾಟುತ್ತೀರಿ. ನಿಮ್ಮ ಪಾಲು 7.65%, ಅವಳದ್ದು 7.65%, ಒಟ್ಟು ಸುಮಾರು 928 ಡಾಲರ್. ಅವಳ ಪಾಲನ್ನು ವಾರವಾರ ಮುರಿಯದೆ ಬಿಟ್ಟರೆ ಅದನ್ನೂ ನೀವೇ ತುಂಬಬೇಕು. ಹುಡುಗಿ ಆಗಲೇ ಬೊಗೋಟಾದಲ್ಲಿರುತ್ತಾಳೆ, ಕೇಳುವುದು ಯಾರನ್ನ?

ಹಾಗಾಗಿ ಎಕ್ಸ್‌ಟೆನ್ಷನ್ ಆರು ತಿಂಗಳೋ, ಒಂಬತ್ತೋ, ಹನ್ನೆರಡೋ ಅನ್ನುವುದನ್ನು ಮಕ್ಕಳ ಶಾಲೆ ನೋಡಿ ಮಾತ್ರ ತೀರ್ಮಾನಿಸಬೇಡಿ. ಮೊದಲ ವರ್ಷ 2026ರ ಆಗಸ್ಟ್‌ಗೆ ಮುಗಿಯುವುದರಿಂದ, ಆರಾದರೆ ಅವಳು ಹೊರಡುವುದು 2027ರ ಫೆಬ್ರವರಿಯಲ್ಲಿ, ಒಂಬತ್ತಾದರೆ ಮೇನಲ್ಲಿ. ಎರಡೂ 183ರ ಒಳಗೆ. ಹನ್ನೆರಡೇ ಬೇಕೆಂದರೆ 2027ರ ಜನವರಿಯಿಂದಲೇ ಅವಳಿಗೆ ತಿಳಿಸಿ ಮುರಿಯಲು ಶುರು ಮಾಡಿ, ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಇಐಎನ್ (ಉದ್ಯೋಗದಾತರ ನಂಬರ್) ತೆಗೆದುಕೊಳ್ಳಿ, ಮುಂದಿನ ಜನವರಿ ಕೊನೆಗೆ ಡಬ್ಲ್ಯೂ-2 (ವರ್ಷದ ಸಂಬಳದ ಪ್ರಮಾಣಪತ್ರ) ಕೊಡಿ, ನಿಮ್ಮ ಆದಾಯ ತೆರಿಗೆ ರಿಟರ್ನ್ ಆದ 1040ಗೆ ಶೆಡ್ಯೂಲ್ ಎಚ್ (ಮನೆಗೆಲಸದವರ ತೆರಿಗೆಯ ಫಾರ್ಮ್) ಲಗತ್ತಿಸಿ. ಟೆಕ್ಸಾಸ್‌ನ ನಿರುದ್ಯೋಗ ತೆರಿಗೆಗೂ ನೋಂದಣಿ ಬೇಕಾಗುತ್ತೆ. ಜನವರಿಯಲ್ಲಿ ಬಂದ ಹುಡುಗಿಯಾಗಿದ್ದರೆ ಎರಡು ವರ್ಷ ಎರಡೇ ಕ್ಯಾಲೆಂಡರ್‌ನಲ್ಲಿ ಮುಗಿದು ಈ ತಲೆನೋವೇ ಇರುತ್ತಿರಲಿಲ್ಲ. ಇನ್ನೊಂದು, ಅವಳು ಹಿಂದೆ ಯಾವಾಗಲಾದರೂ ಎಫ್-1 (ವಿದ್ಯಾರ್ಥಿ ವೀಸಾ) ಅಥವಾ ಜೆ-1ನಲ್ಲಿ ಅಮೆರಿಕಕ್ಕೆ ಬಂದಿದ್ದಳಾ ಕೇಳಿ. ಹಿಂದಿನ ಆರು ವರ್ಷದೊಳಗಿನ ಅಂಥ ವರ್ಷಗಳೂ ಈ ಎರಡರಲ್ಲಿ ಸೇರುತ್ತವೆ.

ಸಿಪಿಎ ಮಾತು ಕೇಳಿ ಈಗಾಗಲೇ ನ್ಯಾನಿ ಪೇರೋಲ್‌ಗೆ ಹಾಕಿಬಿಟ್ಟಿದ್ದರೆ, ಅದು ತಪ್ಪು. ಅವಳಿಂದ ಮುರಿದದ್ದನ್ನು ಅವಳಿಗೆ ವಾಪಸ್ ಕೊಟ್ಟು, ಡಬ್ಲ್ಯೂ-2ಸಿ (ತಿದ್ದಿದ ಡಬ್ಲ್ಯೂ-2) ಮಾಡಿ, 1040-ಎಕ್ಸ್ (ತಿದ್ದುಪಡಿ ರಿಟರ್ನ್) ಜೊತೆ ತಿದ್ದಿದ ಶೆಡ್ಯೂಲ್ ಎಚ್ ಕಳಿಸಿ.

ಏಜೆನ್ಸಿಯ "ಟ್ಯಾಕ್ಸೇ ಇಲ್ಲ" ನಿಮಗೆ ಮಾತ್ರ, ಹುಡುಗಿಗಲ್ಲ. ಮನೆಗೆಲಸದ ಸಂಬಳದಿಂದ ಆದಾಯ ತೆರಿಗೆ ಮುರಿಯಬೇಕೆಂಬ ಕಡ್ಡಾಯ ನಿಮಗಿಲ್ಲ, ಆದರೆ ಅವಳು ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ಸಲ್ಲಿಸಲೇಬೇಕು, ಜೊತೆಗೆ ದಿನದ ಎಣಿಕೆಯಿಂದ ವಿನಾಯಿತಿ ಹೇಳಿಕೊಳ್ಳುವ ಫಾರ್ಮ್ 8843. ನೀವು ಎಫ್-1ನಲ್ಲಿದ್ದಾಗ ಭಾರತದ ಒಪ್ಪಂದದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನಿಗದಿತ ಕಡಿತ) ಸಿಕ್ಕಿತ್ತಲ್ಲ, ಅದನ್ನು ನೆನೆದು ಇವಳಿಗೂ ಹಾಕಿಕೊಡಬೇಡಿ. ಕೊಲಂಬಿಯಾಕ್ಕೆ ಅಮೆರಿಕದ ಜೊತೆ ಅಂಥ ಒಪ್ಪಂದವಿಲ್ಲ. ಮೊದಲ ಡಾಲರ್‌ನಿಂದಲೇ 10%. 2026 ಪೂರ್ತಿ ಇದ್ದರೆ 10,179 ಡಾಲರ್‌ಗೆ ಸುಮಾರು 1,018. ವಾರಕ್ಕೆ 20 ಡಾಲರ್ ಬೇರೆ ಖಾತೆಯಲ್ಲಿ ಎತ್ತಿಡಲು ಮೊದಲ ದಿನವೇ ಹೇಳಬೇಕಿತ್ತು, ಈಗಲಾದರೂ ಹೇಳಿ. ಅವಳು ಡಬ್ಲ್ಯೂ-4 (ಆದಾಯ ತೆರಿಗೆ ಮುರಿಯಲು ಹೇಳುವ ಫಾರ್ಮ್) ಕೊಟ್ಟು ಒಪ್ಪದ ಹೊರತು ನೀವಾಗಿಯೇ ಅದನ್ನು ಹಿಡಿಯಬೇಡಿ. ನೀವು ರಿಟರ್ನ್ ತುಂಬುವ ಸಾಫ್ಟ್‌ವೇರ್ ಟರ್ಬೋಟ್ಯಾಕ್ಸ್‌ನಲ್ಲಿ 1040-ಎನ್‌ಆರ್ ಬರುವುದಿಲ್ಲ. ಅದರಲ್ಲಿ ಸುಮ್ಮನೆ 1040 ತುಂಬಿಸುವುದು ಬಹಳ ಮನೆಗಳಲ್ಲಿ ಆಗುವ ಎಡವಟ್ಟು. ತಮಾಷೆ ಅಂದರೆ 2027ರಲ್ಲಿ ರೆಸಿಡೆಂಟ್ ಆದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಕ್ಕಿ ಅವಳ ಆದಾಯ ತೆರಿಗೆ ಸೊನ್ನೆಯಾಗಬಹುದು.

ಸ್ಟೈಪೆಂಡ್ ಕೈಯಲ್ಲಿ ಕೊಡುವುದನ್ನು ಇವತ್ತೇ ನಿಲ್ಲಿಸಿ, ಪ್ರತಿ ವಾರ ಬ್ಯಾಂಕ್ ಮೂಲಕವೇ ಹೋಗಲಿ. ನೀವು ಕ್ಲೇಮ್ ಮಾಡುವುದು ಅದೇ ದಾಖಲೆಯ ಮೇಲೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದು ಮಕ್ಕಳು 13ರ ಒಳಗಿದ್ದರೆ, ಇಬ್ಬರು ಮಕ್ಕಳಿಗೆ 6,000 ಡಾಲರ್ ಖರ್ಚಿನವರೆಗೆ ಫಾರ್ಮ್ 2441ರಲ್ಲಿ ಕ್ರೆಡಿಟ್ (ಕಟ್ಟುವ ತೆರಿಗೆಯಲ್ಲೇ ಕಡಿತ) ಸಿಗುತ್ತೆ. ಆದಾಯ ಹೆಚ್ಚಿದ್ದವರಿಗೆ 20%, ಅಂದರೆ 1,200. ಓಪೇರ್ ತರಿಸಲು ಏಜೆನ್ಸಿಗೆ ಕೊಟ್ಟ ಫೀಸನ್ನೂ ಈ ಖರ್ಚಿಗೆ ಸೇರಿಸಬಹುದು, ಬಹಳ ಜನ ಮರೆಯುತ್ತಾರೆ. ಆಫೀಸಿನಲ್ಲಿ ತೆರಿಗೆಗೆ ಮುಂಚೆಯೇ ಸಂಬಳದಿಂದ ಮಕ್ಕಳ ಆರೈಕೆಗೆ ಹಣ ಎತ್ತಿಡುವ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಇದ್ದರೆ ನಾನು ಅದನ್ನೇ ತುಂಬಿಸಿ ಅನ್ನುತ್ತೇನೆ. 2026ರಿಂದ ಮಿತಿ 7,500ಕ್ಕೆ ಏರಿದೆ, ಪೂರ್ತಿ ಹಾಕಿದರೆ ಕ್ರೆಡಿಟ್‌ಗೆ ಏನೂ ಉಳಿಯುವುದಿಲ್ಲ, ಆದರೂ ನಿಮ್ಮ ಸ್ಲ್ಯಾಬ್‌ನಲ್ಲಿ ಅದೇ ಲಾಭ.

ಎರಡಕ್ಕೂ ಅವಳ ಸೋಷಿಯಲ್ ಸೆಕ್ಯುರಿಟಿ ನಂಬರ್ ಬೇಕು. ಆರೈಕೆ ಮಾಡುವವರ ಹೆಸರು, ನಂಬರ್ ಕೇಳುವ ಫಾರ್ಮ್ ಡಬ್ಲ್ಯೂ-10 ತುಂಬಿಸಿ ಈಗಲೇ ಸಹಿ ಹಾಕಿಸಿಟ್ಟುಕೊಳ್ಳಿ, ಏರ್‌ಪೋರ್ಟಿಗೆ ಬಿಡಲು ಹೋಗುವ ದಿನ ಅಲ್ಲ.