ಹೊಲ ನಿಮ್ಮದಾದರೆ ಸಾಲದು

ಪ್ರಶ್ನೆ: ಮುಂದಿನ ತಿಂಗಳು ಮಗನ ಮದುವೆ. ಮದುಮಕ್ಕಳನ್ನು ಹೆಲಿಕಾಪ್ಟರ್‌ನಲ್ಲಿ ಕರೆತರುವ ಆಸೆ. ಇಳಿಯುವುದು ನಮ್ಮದೇ ಹೊಲದಲ್ಲಿ, ಪಂಚಾಯ್ತಿಯವರೂ ಒಪ್ಪಿದ್ದಾರೆ. ಇಷ್ಟು ಸಾಕಲ್ಲವೇ ಸರ್?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಸಾಲದು. ಮದುವೆ ಸೀಸನ್ ಬಂತೆಂದರೆ ಇದೇ ಪ್ರಶ್ನೆ, ಅದರಲ್ಲಿ ‘ನಮ್ಮದೇ ಹೊಲ’ ಎಂಬ ಮಾತು ಇದ್ದೇ ಇರುತ್ತದೆ. ಪಹಣಿ ಯಾರ ಹೆಸರಿನಲ್ಲಿದ್ದರೂ ಅನುಮತಿ ಕೊಡಬೇಕಾದವರು ಜಿಲ್ಲಾಧಿಕಾರಿ. ಪೊಲೀಸರು, ಲೋಕೋಪಯೋಗಿ, ಅಗ್ನಿಶಾಮಕದವರು ಜಾಗ ನೋಡಿ ವರದಿ ಕೊಡಬೇಕು. ಹಾರಾಟದ ಯೋಜನೆ ಸಲ್ಲಿಸಿ ವಾಯುರಕ್ಷಣಾ ಅನುಮತಿ ಸಂಖ್ಯೆ ಪಡೆಯುವುದು ಹೆಲಿಕಾಪ್ಟರ್ ಕಂಪನಿಯ ಕೆಲಸ. ‘ಪರ್ಮಿಶನ್ನೆಲ್ಲ ನಾವೇ ನೋಡ್ಕೋತೀವಿ’ ಎನ್ನುವ ದಲ್ಲಾಳಿಗೆ ಮುಂಗಡ ಕೊಡುವ ಮೊದಲು ಆದೇಶದ ಪ್ರತಿ ಕೇಳಿ. ಕೈಗೆ ಕೊಡದಿದ್ದರೆ ಅವನ ಸಹವಾಸವೇ ಬೇಡ.

ಕಾಗದ ಸಿಕ್ಕ ಮಾತ್ರಕ್ಕೆ ನಿಶ್ಚಿಂತೆ ಎಂದುಕೊಳ್ಳಬೇಡಿ. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪ ಅವರ ಹೆಲಿಕಾಪ್ಟರ್ ಇನ್ನೇನು ನೆಲ ಮುಟ್ಟಬೇಕು, ಸುತ್ತಲಿನ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಮೇಲೆದ್ದವು. ಪೈಲಟ್ ಮತ್ತೆ ಮೇಲೇರಿ, ಕಸ ತೆಗೆಸಿದ ಮೇಲೆಯೇ ಇಳಿಸಿದರು. ಗಣ್ಯರಿಗೆಂದು ಸಿದ್ಧಪಡಿಸಿದ ಜಾಗದಲ್ಲೇ ಹೀಗಾಯಿತು. ನಿಮ್ಮ ಹೊಲದ ಪಕ್ಕದಲ್ಲಿ ಶಾಮಿಯಾನ, ತಾಡಪಾಲು, ಊಟದೆಲೆಯ ರಾಶಿ ಇರುತ್ತದೆ. ಅವನ್ನೆಲ್ಲ ದೂರ ಹಾಕಿಸಿ. ಎರೆಹೊಲವಾದರೆ ಹಿಂದಿನ ದಿನವೂ ಅಂದು ಬೆಳಿಗ್ಗೆಯೂ ಟ್ಯಾಂಕರ್ ನೀರು ಹೊಡೆಸಿ. ಧೂಳೆದ್ದರೆ ಪೈಲಟ್‌ಗೆ ನೆಲವೇ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಕರೆಂಟು ತಂತಿಯದು. ಮೇಲಿನಿಂದ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. 2017ರ ಮೇ 25ರಂದು ಲಾತೂರು ಜಿಲ್ಲೆಯ ನಿಲಂಗಾದಲ್ಲಿ ಆಗಿನ ಮಹಾರಾಷ್ಟ್ರ ಮುಖ್ಯಮಂತ್ರಿ ಫಡಣವೀಸ್ ಅವರಿದ್ದ ಹೆಲಿಕಾಪ್ಟರ್ ತಂತಿಗೆ ಸಿಕ್ಕಿ ಬಿತ್ತು; ಎಲ್ಲರೂ ಉಳಿದದ್ದು ಪುಣ್ಯ. ಆದ್ದರಿಂದ ಇಳಿಯುವ ಚೌಕವನ್ನಷ್ಟೇ ಅಳೆದು ಸುಮ್ಮನಾಗಬೇಡಿ. ಬರುವ ದಿಕ್ಕು, ಹೋಗುವ ದಿಕ್ಕು ಎರಡನ್ನೂ ನಡೆದು ನೋಡಿ, ಪ್ರತಿ ಕಂಬ, ಪ್ರತಿ ಪಂಪ್‌ಸೆಟ್ ಲೈನನ್ನೂ ನಕ್ಷೆಯಲ್ಲಿ ಗುರುತಿಸಿ ಪೈಲಟ್‌ಗೇ ಕೊಡಿ. ಬೆಲ್ 407 ಮಾದರಿಯ ಹೆಲಿಕಾಪ್ಟರ್‌ನ ಉದ್ದ ಸುಮಾರು 12.7 ಮೀಟರ್. ಅದರ ಎರಡು ಪಟ್ಟಿಗಿಂತ ಕಿರಿದಾದ ಚೌಕಕ್ಕೆ ನಾನು ಒಪ್ಪುವವನಲ್ಲ. ಅತಿಯಾಯಿತು ಎನ್ನುವವರು ಎನ್ನಲಿ. ಜನರನ್ನು ಹಗ್ಗ ಕಟ್ಟಿ ದೂರ ನಿಲ್ಲಿಸಿ. ಸೆಲ್ಫಿಗೆಂದು ಬಾಲದ ಕಡೆ ಓಡುವ ಹುಡುಗರಿಗೆ ಅಲ್ಲಿ ತಿರುಗುವ ರೆಕ್ಕೆ ಕಣ್ಣಿಗೇ ಕಾಣದು. ಅದೊಂದು ಕಡೆಗೆ ಇಬ್ಬರು ಪೊಲೀಸರನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಸುಣ್ಣದಲ್ಲಿ ವೃತ್ತ ಬರೆದು ‘ಎಚ್’ ಹಾಕಿದರೆ ಹೆಲಿಪ್ಯಾಡ್ ಆಯಿತಲ್ಲ?
ಉತ್ತರ: ಸುಣ್ಣದಿಂದ ಗುರುತು ಆಗುತ್ತದೆ, ಹೆಲಿಪ್ಯಾಡ್ ಆಗುವುದಿಲ್ಲ.

ಪ್ರಶ್ನೆ: ನಮ್ಮ ಮನೆಯ ತಾರಸಿ ದೊಡ್ಡದಿದೆ...
ಉತ್ತರ: ಬೇಡ.

ಪ್ರಶ್ನೆ: ಜಾತ್ರೆಯಲ್ಲಿ ತೇರಿನ ಮೇಲೆ ಹೂ ಸುರಿಸಬಹುದೇ?
ಉತ್ತರ: ಹಾರಾಟದಲ್ಲಿ ಏನನ್ನೇ ಕೆಳಗೆ ಸುರಿಸಲು ಪ್ರತ್ಯೇಕ ಅನುಮತಿ ಬೇಕು. ಅದಿಲ್ಲದೆ ಒಂದು ಎಸಳೂ ಬೇಡ.

ಪ್ರಶ್ನೆ: ಆರತಕ್ಷತೆ ಸಂಜೆ ಏಳಕ್ಕೆ. ಆಗ ಇಳಿಯಬಹುದೇ?
ಉತ್ತರ: ಇಲ್ಲ. ಕಣ್ಣಂದಾಜಿನ ಹಾರಾಟ, ಅಂದರೆ ಪೈಲಟ್ ಹೊರಗೆ ನೋಡಿಕೊಂಡೇ ನಡೆಸುವ ಹಾರಾಟ, ಸೂರ್ಯಾಸ್ತವಾಗಿ 20 ನಿಮಿಷದೊಳಗೆ ಮುಗಿದಿರಬೇಕು. ನಾನಂತೂ ಹಳ್ಳಿಯ ಹೊಲಕ್ಕೆ ಹೊತ್ತು ಮುಳುಗಲು ಒಂದು ಗಂಟೆ ಇರುವಾಗಲೇ ಇಳಿದುಬಿಡುತ್ತಿದ್ದೆ. ಮುಹೂರ್ತ ತಡವಾಯಿತೆಂದು ಪೈಲಟ್‌ನ ಮೇಲೆ ಒತ್ತಡ ಹಾಕಬೇಡಿ, ಕಾರು ಕಳಿಸಿ.