ಮೆಣಸಿನ ಕುಡಿ ತಿನ್ನುವ ಸಿಂಬಳದ ಹುಳು

ಪ್ರಶ್ನೆ: ಶಿರಸಿ ಕಡೆಯ ಅಡಿಕೆ ತೋಟ ನಮ್ಮದು. ಮಳೆ ಹಿಡಿದರೆ ಸಾಕು, ಸಿಂಬಳದ ಹುಳು ಕಾಳುಮೆಣಸಿನ ಎಳೆ ಕುಡಿ, ಹಿತ್ತಲ ಬದನೆ ಸಸಿ ಎಲ್ಲ ತಿನ್ನುತ್ತದೆ. ಉಪ್ಪು, ಸುಣ್ಣ ಎರಚಿಯೂ ಹೋಗಲಿಲ್ಲ. ವಿಷ ಹಾಕದೆ ಏನು ಮಾಡಬಹುದು?

ಉತ್ತರ: ಉಪ್ಪು ಮೊದಲು ನಿಲ್ಲಿಸಿ. ಹುಳುವಿಗಿಂತ ಅಡಿಕೆಯ ಮೇಲುಬೇರಿಗೇ ಅದರ ಪೆಟ್ಟು ಜಾಸ್ತಿ. ಸುಣ್ಣ, ಬೂದಿ ಒಣಗಿದ್ದಾಗ ಮಾತ್ರ ತಡೆಯುತ್ತವೆ. ಆಷಾಢದ ಮಳೆಯಲ್ಲಿ ದಂಡ.

ಹಗಲು ಅಡಗುವ ಜಾಗವನ್ನು ನೀವೇ ಒದಗಿಸಿ, ಅಲ್ಲೇ ಹಿಡಿಯುವುದು ನಮಗೆ ಕಂಡಂತೆ ಒಳ್ಳೆಯ ದಾರಿ. ಒಂದು ಕಿಲೋ ತೌಡಿಗೆ 100 ಗ್ರಾಂ ಬೆಲ್ಲದ ನೀರು ಬೆರೆಸಿ, ಉಂಡೆ ಕಟ್ಟುವ ಹದಕ್ಕೆ ಕಲಸಿ ಒಂದು ರಾತ್ರಿ ಹುಳಿಯಲು ಬಿಡಿ. ಸಂಜೆ ಹಿಡಿ ಹಿಡಿಯಾಗಿ ನೆಲದಲ್ಲಿಟ್ಟು ಮೇಲೆ ಒದ್ದೆ ಗೋಣಿಚೀಲ ಹಾಸಿ. ಬೆಳಿಗ್ಗೆ ಬಿಸಿಲೇರುವ ಮೊದಲೇ ಚೀಲ ಮಗುಚಿದರೆ ಅಡಿಯಲ್ಲೂ ಮಡಿಕೆಗಳಲ್ಲೂ ಹುಳು ಅಂಟಿಕೊಂಡಿರುತ್ತವೆ. ಇಕ್ಕಳದಿಂದ ಎತ್ತಿ ಕುದಿನೀರಿಗೆ ಹಾಕಿ, ಆಮೇಲೆ ಗೊಬ್ಬರಗುಂಡಿಗೆ. ಬರಿಗೈ ಬೇಡ: ಮಿದುಳಿಗೆ ತೊಂದರೆ ಕೊಡುವ ಇಲಿಗಳಲ್ಲಿರುವ ಜಂತುಹುಳುವಿನ ಮರಿಗಳು ಇವುಗಳಲ್ಲಿ ಇರಬಹುದು. ಹಿತ್ತಲ ಸೊಪ್ಪನ್ನೂ ಚೆನ್ನಾಗಿ ತೊಳೆದೇ ತಿನ್ನಿ. ಚೀಲ ಹಾಸಿ ಮರೆತರೆ ಮಾತ್ರ ನೀವೇ ಹುಳು ಸಾಕಿದಂತೆ! ಅಲ್ಲೇ ಮೊಟ್ಟೆ ಇಡುತ್ತವೆ. ಸಾಬಕ್ಕಿ ಬೆಂದಂತೆ ಕಾಣುವ ಗೊಂಚಲು ಸಿಕ್ಕರೆ ಬಿಸಿಲಿಗೆ ಹರವಿ.

ದರಕು (ಒಣ ಎಲೆ), ಸೊಪ್ಪು ತೆಗೆಯಬೇಡಿ, ಬುಡದಿಂದ ಒಂದಡಿ ಆಚೆ ಸರಿಸಿ. ಅಡಿಕೆ ಸಿಪ್ಪೆಯ ರಾಶಿ ತೋಟದಿಂದ ದೂರ ಇರಲಿ.

ಮೈಲುತುತ್ತದ (ತಾಮ್ರದ ಸಲ್ಫೇಟ್) ತಡೆ ಬೇಕಿದ್ದರೆ ಬೋರ್ಡೋ ಮುಲಾಮು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಒಟ್ಟು ಹತ್ತು ಲೀಟರ್ ನೀರು. ಮಳೆಗೆ ಮುಂಚೆ ಒಣ ಕಾಂಡಕ್ಕೆ ಒಂದಡಿ ಪಟ್ಟಿ ಬಳಿಯಿರಿ. ಇದು ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪಟ್ಟಿಯ ಮೇಲಿಂದ ಇಳಿಬಿದ್ದ ಮೆಣಸಿನ ಹಂಬು ನೆಲ ಮುಟ್ಟಿ ಹುಳುವಿಗೆ ಏಣಿಯಾಗುತ್ತದೆ. ಅಂಥವನ್ನು ಎತ್ತಿ ಕಟ್ಟಿ. ತಾಮ್ರ ಮಣ್ಣಲ್ಲಿ ಉಳಿದು ಎರೆಹುಳುವಿಗೂ ಕೇಡು, ಹಾಗಾಗಿ ಬಳಕೆ ಮಿತವಾಗಿರಲಿ.

ಪ್ರಶ್ನೆ: ಮನೆಯಲ್ಲಿ ನಾಯಿ ಇದೆ. ಅಂಗಡಿಯಲ್ಲಿ ಸಿಗುವ ಗುಳಿಗೆ ಹಾಕಬಹುದೇ?

ಉತ್ತರ: ಮೆಟಾಲ್ಡಿಹೈಡ್ ಗುಳಿಗೆಯಾದರೆ ಖಂಡಿತ ಬೇಡ. ಅದರ ರುಚಿಗೆ ನಾಯಿಯೂ ಬಾಯಿ ಹಾಕುತ್ತದೆ; ನಡುಕ, ಸೆಳೆತ ಬಂದು ಸಾಯಬಹುದು. ಐರನ್ ಫಾಸ್ಫೇಟ್ ಗುಳಿಗೆ ಸಿಕ್ಕರೆ ಅದು ಎಷ್ಟೋ ವಾಸಿ. ಚದರ ಮೀಟರಿಗೆ ಸುಮಾರು 5 ಗ್ರಾಂ, ಸಂಜೆ, ಬಿಡಿಬಿಡಿಯಾಗಿ ಚೆಲ್ಲಿ. ಗುಡ್ಡೆ ಹಾಕಬೇಡಿ, ಪೊಟ್ಟಣವನ್ನು ನಾಯಿಗೆ ಎಟುಕದಂತೆ ಇಡಿ. ತಿಂದ ಹುಳು ಮೇವು ಬಿಟ್ಟು ಮಣ್ಣೊಳಗೆ ಹೋಗಿ ಸಾಯುವುದರಿಂದ ಹೆಣ ಕಾಣುವುದಿಲ್ಲ. ಕೆಲಸ ಮಾಡಲಿಲ್ಲವೆಂದು ಮರುದಿನವೇ ಮತ್ತೆ ಸುರಿಯಬೇಡಿ. ವಾರ ಬಿಟ್ಟು ಎಲೆ ನೋಡಿ.