'ಒಳ್ಳೇದೇ ಆಯ್ತು ಬಿಡು'

(ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಗಂಡ-ಹೆಂಡತಿ ಇಬ್ಬರ ಒಪ್ಪಿಗೆಯ ಮೇಲೆ ಬರೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮೊದಲು ಬಂದವರು ಗಂಡ. "ಒಂದು ಸಿನಿಮಾ ವಿಷಯಕ್ಕೆ ಯಾರಾದ್ರೂ ಮೂರು ವಾರ ಮಾತು ಬಿಡ್ತಾರಾ ಮೇಡಂ?" ಅನ್ನುವುದೇ ಅವರ ದೂರು. ಅವರಿಗೆ 47, ಹೆಂಡತಿಗೆ 43. ಮನೆಯಲ್ಲಿ ಪಿಯುಸಿ ಓದುವ ಮಗಳು, ಗಂಡನ ತಾಯಿ. ಹೆಂಡತಿ ಖಾಸಗಿ ವಿಮಾ ಕಂಪನಿಯೊಂದರಲ್ಲಿ ಮ್ಯಾನೇಜರ್.

ಭಾನುವಾರ ಮನೆಮಂದಿಯೆಲ್ಲ ಕೂತು ನೋಡಿದ್ದು 2018ರ ಹಿಂದಿ ಚಿತ್ರ 'ಬಧಾಯಿ ಹೋ'. ಮದುವೆ ವಯಸ್ಸಿನ ಮಗನಿರುವ ತಾಯಿ ಮತ್ತೆ ಬಸುರಿಯಾಗುವ ಕಥೆ. ನೀನಾ ಗುಪ್ತಾ ತಾಯಿ, ಗಜರಾಜ್ ರಾವ್ ರೈಲ್ವೆ ಟಿಕೆಟ್ ಪರೀಕ್ಷಕನಾದ ತಂದೆ. ರಾತ್ರಿ ಊಟಕ್ಕೆ ಕೂತಾಗ ಅದರದ್ದೇ ಮಾತು. "ಛೀ, ನಮ್ಮನೇಲಿ ಹೀಗಾದ್ರೆ ನಾನು ಹಾಸ್ಟೆಲ್‌ಗೆ ಹೋಗ್ಬಿಡ್ತೀನಿ" ಅಂದಳು ಮಗಳು. ಅತ್ತೆಗೆ ಅಜ್ಜಿಯ ಪಾತ್ರ ಬಹಳ ಹಿಡಿಸಿತ್ತು. ಮೊದಲು ಸೊಸೆಯನ್ನು ಬಾಯಿಗೆ ಬಂದಂತೆ ಬೈದು, ಆಮೇಲೆ ಮದುವೆಮನೆಯಲ್ಲಿ ಅದೇ ಸೊಸೆಯ ಪರ ನಿಲ್ಲುವ ಅಜ್ಜಿ. ಆ ಪಾತ್ರಕ್ಕೆ ಸುರೇಖಾ ಸಿಕ್ರಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಗಂಡ ಅಂದದ್ದು ಇಷ್ಟೇ: "ಕೊನೆಗೆ ಎಲ್ಲಾ ಒಳ್ಳೇದೇ ಆಯ್ತಲ್ಲ." ಹೆಂಡತಿ ತಟ್ಟೆಯಲ್ಲಿ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದರು.

ಮರುವಾರ ಆಕೆಯೊಬ್ಬರೇ ಬಂದರು. ಮೊದಲರ್ಧ ಗಂಟೆ ಸಿನಿಮಾವನ್ನೇ ಬೈದರು. "ಆ ಹೆಂಗಸು ಮನೇಲಿರೋಳು ಮೇಡಂ. ಅವಳು ಯಾರ ಹತ್ರಾನೂ ರಜೆ ಕೇಳಬೇಕಿರಲಿಲ್ಲ. ಪ್ರಮೋಷನ್ ಕಳ್ಕೊಳ್ಳೋ ಭಯ ಇರಲಿಲ್ಲ." ಈ ಮಾತು ನನಗೂ ಸರಿಯೆನಿಸಿತು. ನಾನು ಮೆಚ್ಚಿದ ಚಿತ್ರವೇ. ಆದರೂ ದುಡಿಯುವ ತಾಯಿ ಅದರಲ್ಲಿ ತನ್ನನ್ನು ಹುಡುಕಿದರೆ ಸಿಗುವುದಿಲ್ಲ. ಆದರೆ ಅಷ್ಟಕ್ಕೇ ಮೂರು ವಾರದ ಮೌನ ಹುಟ್ಟುವುದಿಲ್ಲ. "ಆ 'ಒಳ್ಳೇದೇ ಆಯ್ತು' ಅನ್ನೋ ಮಾತನ್ನ ಮೊದಲೂ ಕೇಳಿದ್ರಾ?" ಅಂದೆ. ಆಕೆ ಬಹಳ ಹೊತ್ತು ಸೆರಗಿನ ಅಂಚನ್ನು ಮಡಚುತ್ತಾ ಕೂತರು.

ಎರಡು ವರ್ಷದ ಹಿಂದೆ, 41ರಲ್ಲಿ, ಎಣಿಸದೆ ಗರ್ಭ ನಿಂತಿತ್ತು. ಗಂಡನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಪ್ರಮೋಷನ್ ಸಂದರ್ಶನಕ್ಕಾಗಿ ವಾರಕ್ಕೆರಡು ಸಲ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದ ದಿನಗಳವು. ಒಂಬತ್ತನೇ ವಾರ ಗರ್ಭ ಹೋಯಿತು. ಮೂರನೇ ದಿನ, ವೈರಲ್ ಜ್ವರ ಅಂತ ಹೇಳಿ ಆಫೀಸಿಗೆ ಹೋದರು. ಅಂದು ರಾತ್ರಿ ಗಂಡ, "ಒಳ್ಳೇದೇ ಆಯ್ತು ಬಿಡು" ಅಂದರು. "ನಾನು ಆಸೆಗೆ ಬಿದ್ದು ಓಡಾಡಿದ್ದಕ್ಕೇ ಹೋಯ್ತು" ಅನ್ನುವುದು ಆಕೆಯ ಲೆಕ್ಕ.

ಮೊದಲು ಆ ಲೆಕ್ಕವನ್ನು ಅಳಿಸಬೇಕಿತ್ತು. ವೈದ್ಯರು ಹೇಳುವುದನ್ನೇ ಬಿಡಿಸಿ ಹೇಳಿದೆ: 40 ದಾಟಿದ ಮೇಲೆ ನಿಂತ ಗರ್ಭಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋಗುವುದಕ್ಕೆ ಹೆಚ್ಚಿನ ಸಲ ಭ್ರೂಣದ ವರ್ಣತಂತುಗಳ ದೋಷವೇ ಕಾರಣ; ಅದು ರೈಲಿನ ಪ್ರಯಾಣದಿಂದ ಬರುವಂಥದ್ದಲ್ಲ. ನನ್ನ ಮಾತಿಗಿಂತ ಡಾಕ್ಟರ ಮಾತಿಗೆ ತೂಕ ಹೆಚ್ಚು, ಹಳೆಯ ರಿಪೋರ್ಟ್ ಹಿಡಿದು ಸ್ತ್ರೀರೋಗ ತಜ್ಞರನ್ನು ಕೇಳಿ ಬನ್ನಿ ಅಂತಲೂ ಹೇಳಿದೆ. ಇನ್ನೊಂದು ವಿಷಯ ಕೇಳಿ ಆಕೆ ಬೆಚ್ಚಿದರು. ಗರ್ಭಪಾತವಾದವರಿಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಆರು ವಾರ ಸಂಬಳಸಹಿತ ರಜೆ ಇತ್ತು. "ಆರು ವಾರಾನಾ?" ಅಂದವರೇ ಅತ್ತುಬಿಟ್ಟರು. ಆ ರಜೆ ಕೊಡುವಷ್ಟು ದೊಡ್ಡ ನೋವು ಅದು ಎಂದು ಯಾರೋ ಎಂದೋ ಬರೆದಿಟ್ಟಿದ್ದಾರೆ ಎಂಬುದೇ ಆಕೆಗೆ ಸಾಕಾಗಿತ್ತು ಅನಿಸುತ್ತದೆ.

ಮೂರನೇ ಸಲ ಇಬ್ಬರನ್ನೂ ಕೂರಿಸಿದೆ. ಗಂಡ ಕೆಟ್ಟವರಲ್ಲ. ಮಗಳು ಹುಟ್ಟುವಾಗ ಹೆಂಡತಿಗೆ ಬಿಪಿ ಏರಿ ಎರಡು ದಿನ ಐಸಿಯುನಲ್ಲಿದ್ದರಂತೆ. "ಇವಳು ಉಳಿದಳಲ್ಲ ಅಂತ ಹೇಳ್ದೆ ಮೇಡಂ, ಅಷ್ಟೇ" ಅಂದರು. "ಅದನ್ನ ಹಾಗೇ ಹೇಳಬಾರದಿತ್ತಾ ನೀವು?" ಅಂದರು ಆಕೆ. ಅಷ್ಟು ದಿನದ ಮೌನದ ಮೇಲೆ ಗಂಡನಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ನಾನು ಕೊಟ್ಟ ಸಲಹೆ ಹೆಚ್ಚೇನಿಲ್ಲ. ಸಿನಿಮಾ ವಿಷಯ ಸದ್ಯಕ್ಕೆ ಬಿಟ್ಟುಬಿಡಿ. ವಾರದಲ್ಲೊಂದು ಸಂಜೆ ಇಬ್ಬರೇ ವಾಕಿಂಗ್ ಹೋಗಿ. ಗಂಡ, "ಆ ದಿನ ನಿನಗೆ ಹೇಗಿತ್ತು?" ಅಂತ ಕೇಳಬೇಕು, ಉತ್ತರ ಮುಗಿಯುವವರೆಗೆ ಸಮಾಧಾನವನ್ನೂ ಹೇಳಬಾರದು, ಕಾರಣವನ್ನೂ ಕೊಡಬಾರದು. ಆಮೇಲೆ ಐಸಿಯು ಹೊರಗೆ ತಾವು ಕೂತಿದ್ದ ರಾತ್ರಿಗಳನ್ನು ಹೇಳಬೇಕು. ಇನ್ನೊಂದು ಮಗು ಬೇಕೋ ಬೇಡವೋ ಅನ್ನುವ ಮಾತು ಇದೆಲ್ಲ ಆಗಿ, ಡಾಕ್ಟರನ್ನು ಕಂಡು ಬಂದ ಮೇಲೆ.

ನಾಲ್ಕನೇ ಭೇಟಿಗೆ ಆಕೆ ಸ್ಕ್ಯಾನಿಂಗ್ ಚಿತ್ರ ತಂದಿದ್ದರು. ಎರಡು ವರ್ಷ ರೇಷ್ಮೆ ಸೀರೆಗಳ ಮಡಿಕೆಯಲ್ಲಿಟ್ಟಿದ್ದ ಕಾಗದ; ಚಿತ್ರ ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು. ಗಂಡ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೂಲೆಯಲ್ಲಿದ್ದ ತಾರೀಖನ್ನು ಮೆಲ್ಲಗೆ ಓದಿದರು. ಮತ್ತೊಂದು ಮಗು ಬೇಡವೆಂದು ಇಬ್ಬರೂ ಒಪ್ಪಿದ್ದಾರೆ. ಮಗಳಿಗೆ ಹೇಳಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೆ ಅವಸರ ಮಾಡಬೇಡಿ ಎಂದಿದ್ದೇನೆ.